ಮನೆಗೆ ಕಳಿಸುವಾಗ ನರ್ಸ್ "ಗುಳಿಗೆ ಹೇಗೆ ತೆಗೆದುಕೊಳ್ಳುತ್ತೀರಿ, ನೀವೇ ಹೇಳಿ" ಎಂದು ಕೇಳುವುದೇಕೆ?

ತಾನು ಹೇಳಿದ್ದು ಸರಿಯಾಗಿ ತಲುಪಿದೆಯೇ ಎಂದು ನೋಡಲು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿಮ್ಮ ತಂದೆಯವರಿಗೆ ಇದು ಅವಮಾನವೆನಿಸಿತು ಎಂದು ಬರೆದಿದ್ದೀರಿ. ನಿಜವಾಗಿ ಅಲ್ಲಿ ಪರೀಕ್ಷೆಗೆ ಕುಳಿತವರು ನರ್ಸ್.

"ಗೊತ್ತಾಯಿತೇ?" ಎಂದರೆ ನಮ್ಮ ಕಡೆ ಎಲ್ಲರ ಉತ್ತರವೂ "ಹೂಂ". ತಿಳಿಯಲಿಲ್ಲ ಎನ್ನಲು ಸಂಕೋಚ. ಮನಸ್ಸೆಲ್ಲ ಬಿಲ್ಲಿನ ಮೇಲೆ, ಊರಿನ ಕೊನೆಯ ಬಸ್ಸಿನ ಮೇಲೆ. ವೈದ್ಯರು, ನರ್ಸ್‌ಗಳು ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಎಂದು 2003ರ ಒಂದು ವೈದ್ಯಕೀಯ ಲೇಖನ ಹೇಳಿತ್ತು. ರೋಗಿ ತಮ್ಮದೇ ಮಾತಿನಲ್ಲಿ ಹೇಳಿದಾಗಲೇ ತಪ್ಪು ಹೊರಬೀಳುತ್ತದೆ. ನಾನೂ ನರ್ಸ್. ನವಲಗುಂದ ಕಡೆಯ ಒಬ್ಬ ಅಜ್ಜನಿಗೆ "ದಿನಕ್ಕೆ ಎರಡು, ಊಟವಾದ ಮೇಲೆ" ಎಂದಿದ್ದೆ. ತಿರುಗಿ ಕೇಳಿದರೆ, "ರಾತ್ರಿ ರೊಟ್ಟಿ ತಿಂದು ಎರಡನ್ನೂ ಒಮ್ಮೆಲೇ ನುಂಗುತ್ತೇನೆ, ತಂಗಿ" ಎಂದರು. ತಪ್ಪು ನನ್ನದೇ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬಿಡಿಸಿ ಹೇಳಿರಲಿಲ್ಲ. ಮುಂದೆ ಗುಳಿಗೆಯ ಪೊಟ್ಟಣದ ಮೇಲೆ ಸೂರ್ಯ, ಚಂದ್ರರ ಚಿತ್ರ ಬರೆದುಕೊಟ್ಟೆ.

ನಮ್ಮೊಳಗೂ ಇದೇ ರೂಢಿ. ವೈದ್ಯರು ಫೋನಿನಲ್ಲಿ ಔಷಧ ಹೇಳಿದರೆ ಬರೆದುಕೊಂಡು, ಅದನ್ನೇ ಅವರಿಗೆ ಓದಿ ಹೇಳುತ್ತೇವೆ: "ಫಿಫ್ಟೀನ್ ಅಲ್ಲವೇ ಸರ್? ಒಂದು, ಐದು?" ಅದು ಫಿಫ್ಟಿ ಎಂದು ಕೇಳಿಸಿದರೆ ಡೋಸ್ ಮೂರು ಪಟ್ಟಿಗೂ ಮೀರುತ್ತದೆ. ಕೆಲವು ಹಿರಿಯ ವೈದ್ಯರು ಸಿಡುಕುವುದುಂಟು. ಸಿಡುಕಲಿ.