ಗಣಿತ ವೀಕ್ ಇದ್ರೆ ಎಐ ಎಲೆಕ್ಟಿವ್ ತಗೋಬಹುದಾ?

ಐದನೇ ಸೆಮ್ಮು, ಗಣಿತ ವೀಕು, ಪೈಥಾನ್ ಅಲ್ಪಸ್ವಲ್ಪ ಬರುತ್ತೆ, ಎಐ ಎಲೆಕ್ಟಿವ್ ಮುಂದಕ್ಕೆ ಹಾಕಿ ಆರು ತಿಂಗಳು ನ್ಯೂರಲ್ ನೆಟ್‌ವರ್ಕ್ ವಿಡಿಯೋ ನೋಡ್ಲಾ ಅಂತ ಕೇಳಿದ್ದೀರಿ. ಮಾರಾಯ್ರೆ, ಇದು ನನ್ನದೇ ಕಥೆ.

ನಾನು ರಜೆಯೆಲ್ಲಾ ಡೀಪ್ ಲರ್ನಿಂಗ್ ವಿಡಿಯೋ ನೋಡ್ಕೊಂಡೇ ಕ್ಲಾಸಿಗೆ ಹೋದೆ. ಮೇಡಂ ಬೋರ್ಡ್ ಮೇಲೆ ಒಂಬತ್ತು ಮನೆಯ ಚೌಕ ಬರೆದು, 1ರಿಂದ 8ರವರೆಗೆ ಅಂಕಿ ತುಂಬಿಸಿ, ಒಂದು ಮನೆ ಖಾಲಿ ಬಿಟ್ರು. ಜಾತ್ರೆಯಲ್ಲಿ ಸಿಗ್ತಿತ್ತಲ್ಲ, ಖಾಲಿ ಮನೆಗೆ ಪ್ಲಾಸ್ಟಿಕ್ ಬಿಲ್ಲೆ ಸರಿಸ್ತಾ ಅಂಕಿಗಳನ್ನ ಸಾಲಾಗಿಸೋ ಆಟ, ಅದರ ತಮ್ಮ. ಇದೂ ಒಂದು ಎಐನಾ ಅಂತ ಹಿಂದಿನ ಬೆಂಚಲ್ಲಿ ಮೊಬೈಲ್ ತೆಗೆದವನು ನಾನು, ಐದು ವಾರ ತಲೆ ಎತ್ತಲಿಲ್ಲ.

ಲ್ಯಾಬಲ್ಲಿ ಅದೇ ಆಟವನ್ನ ಎ ಸ್ಟಾರ್ (A*) ಅನ್ನೋ ದಾರಿ ಹುಡುಕೋ ವಿಧಾನದಿಂದ ಬಿಡಿಸಬೇಕಿತ್ತು. ಶೇಕಿ ಅನ್ನೋ ರೋಬೋಟ್ ಕೆಲಸದಿಂದ ಹುಟ್ಟಿ, 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಪ್ರಕಟಿಸಿದ ವಿಧಾನ ಅದು. ಇಲ್ಲಿವರೆಗೆ ಎಷ್ಟು ನಡೆ ಆಯ್ತು, ಅದಕ್ಕೆ ಇನ್ನೆಷ್ಟು ಉಳಿದಿದೆ ಅನ್ನೋ ಅಂದಾಜು ಕೂಡಿಸಿ, ಮೊತ್ತ ಕಮ್ಮಿ ಇರೋದನ್ನ ಮೊದಲು ನೋಡುತ್ತೆ. ಅಂದಾಜು ನಿಜಕ್ಕಿಂತ ಕಮ್ಮಿ ಇದ್ರೂ ನಡೆಯುತ್ತೆ, ಜಾಸ್ತಿ ಇರಬಾರದು. ಜಾಸ್ತಿಯಾದ್ರೆ ಅತಿ ಕಮ್ಮಿ ನಡೆಯ ದಾರಿಯೇ ಸಿಗುತ್ತೆ ಅನ್ನೋ ಗ್ಯಾರಂಟಿ ಹೋಯ್ತು.

ನಾನು ಮಾಡಿದ ಎಡವಟ್ಟು ಇಲ್ಲೇ, ಸ್ವಲ್ಪ ಉದ್ದ ಹೇಳ್ತೀನಿ. ಪ್ರತಿ ಬಿಲ್ಲೆ ತನ್ನ ಜಾಗದಿಂದ ಅಡ್ಡ ಎಷ್ಟು ಮನೆ, ಉದ್ದ ಎಷ್ಟು ಮನೆ ದೂರ ಅಂತ ಕೂಡಿಸಬೇಕು, ಮ್ಯಾನ್‌ಹಟನ್ ದೂರ ಅಂತಾರೆ. ನಾನು ಲೂಪನ್ನ 0ಯಿಂದ 8ರವರೆಗೆ ಓಡಿಸಿದೆ. 0 ಅಂದ್ರೆ ಖಾಲಿ ಮನೆ, ಅದು ಬಿಲ್ಲೆಯೇ ಅಲ್ಲ! ಒಂದು ಬಿಲ್ಲೆ ಸರಿದಾಗ ಖಾಲಿ ಮನೆಯೂ ಒಂದು ಮನೆ ಸರಿಯುತ್ತೆ. ನಡೆ ಒಂದೇ, ನನ್ನ ಲೆಕ್ಕದಲ್ಲಿ ಎರಡು ಇಳಿಯುತ್ತೆ. ಅಂದ್ರೆ ಅಂದಾಜು ನಿಜಕ್ಕಿಂತ ಜಾಸ್ತಿ ಆಗಬಹುದು. ಪ್ರೋಗ್ರಾಂ ಕೈಕೊಡಲಿಲ್ಲ, ಉತ್ತರವನ್ನೂ ಕೊಡ್ತು. ರೂಮ್‌ಮೇಟ್‌ದು 22 ನಡೆ, ನಂದು 24. ಎರಡು ನಡೆ ತಾನೇ ಅಂದ್ಕೊಂಡು ರೆಕಾರ್ಡ್ ಬರೆದು ಸಹಿ ಹಾಕಿಸ್ಕೊಂಡೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಕೇಳಿದ್ದು ಒಂದೇ. "ಒಂದೇ ನಡೆ ಬಾಕಿ ಇರೋ ಬೋರ್ಡ್ ಹಾಕಪ್ಪ, ಅಂದಾಜು ಪ್ರಿಂಟ್ ಮಾಡು." ಪರದೆ ಮೇಲೆ 2 ಅಂತ ಬಂತು. "ಕಣ್ಣಿಗೆ ಒಂದು ಕಾಣ್ತಿದೆ, ನಿನ್ ಪ್ರೋಗ್ರಾಂ ಎರಡು ಅಂತಿದೆಯಲ್ಲ?" ನಾನು ನ್ಯೂರಲ್ ನೆಟ್‌ವರ್ಕಿಗೆ ಕಲಿಸೋ ವಿಧಾನವಾದ ಗ್ರೇಡಿಯೆಂಟ್ ಡಿಸೆಂಟ್ ಬಗ್ಗೆ ಏನೋ ಶುರು ಮಾಡಿದೆ. ಸರ್ ಪೆನ್ನಿನ ಮುಚ್ಚಳ ಹಾಕಿದ್ರು. 0 ಬಂದ್ರೆ ಬಿಟ್ಟು ಮುಂದೆ ಹೋಗು ಅನ್ನೋ ಒಂದು ಸಾಲು ಬರೆದಿದ್ರೆ ಸಾಕಿತ್ತು. ಲ್ಯಾಬಲ್ಲಿ ಫೇಲಾಗಿ ಬ್ಯಾಕ್ ಬಿತ್ತು, ಬ್ಯಾಕ್ ಇದ್ದೋರಿಗೆ ಪ್ಲೇಸ್‌ಮೆಂಟಲ್ಲಿ ಕೂರೋಕೆ ಬಿಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಅಡ್ಡದಾರಿ ಹಿಡಿದಿದೆ. ಗಣಿತ ವೀಕು ಅಂತೀರಲ್ಲ, ಯಾವ ಗಣಿತ? ಸರ್ಚು (ಅಂದ್ರೆ ಈ ದಾರಿ ಹುಡುಕಾಟ), ಲಾಜಿಕ್ಕು, ನಡೆಗೆ ಪ್ರತಿನಡೆ ಕವಲೊಡೆಯೋ ಆಟದ ಮರ, ಇಲ್ಲೆಲ್ಲೂ ಕ್ಯಾಲ್ಕುಲಸ್ ಬೇಡ, ಮ್ಯಾಟ್ರಿಕ್ಸೂ ಬೇಡ. ಆಮೇಲೆ ಬರೋ, ಹೊಸ ಸುಳಿವು ಸಿಕ್ಕಾಗ ಸಾಧ್ಯತೆಯ ಲೆಕ್ಕ ತಿದ್ದೋ ಬೇಯ್ಸ್ ನಿಯಮಕ್ಕೆ ಪಿಯುಸಿಯ ಸಂಭವನೀಯತೆ ಸಾಕು. ಆ ವಿಡಿಯೋಗಳು ಮಷಿನ್ ಲರ್ನಿಂಗ್ ತಗೊಂಡಾಗ ನೋಡಿ. ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಸುರೀಬೇಡಿ, ಅದಂತೂ ಶುದ್ಧ ದಂಡ. ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಐಐಟಿ ಮದ್ರಾಸಿನ ದೀಪಕ್ ಖೇಮಾನಿ ಅವರ ಸರ್ಚ್ ಪಾಠಗಳು ಪುಕ್ಕಟೆ ಸಿಗುತ್ತೆ.

ಇನ್ನೊಂದು ಕಿವಿಮಾತು. ಆ ಚೌಕದಲ್ಲಿ ತಲುಪಬಹುದಾದ ಜೋಡಣೆ ಒಟ್ಟು 1,81,440, ಹಳೇ ಲ್ಯಾಪ್‌ಟಾಪ್ ಕೂಡ ಎಲ್ಲಾ ಸುತ್ತಿ ಬರುತ್ತೆ. ಎಷ್ಟೇ ಕಷ್ಟದ್ದಾದ್ರೂ 31 ನಡೆಯಲ್ಲಿ ಮುಗಿಯುತ್ತೆ. ಒಂದೇ ನಡೆ ಬಾಕಿ ಇರೋ ಬೋರ್ಡಿಗೆ ನಿಮ್ಮ ಅಂದಾಜು 2 ಅಂದ್ರೆ, ವೈವಾಗೆ ಮೊದಲೇ ಲೂಪು ಎಲ್ಲಿಂದ ಶುರುವಾಗಿದೆ ನೋಡಿ. ಎಲೆಕ್ಟಿವ್ ಈ ಸೆಮ್ಮಲ್ಲೇ ತಗೊಳ್ಳಿ. ಮುಂದಿನ ಬೆಂಚು.