ಕಾನೂನು ಸಲಹೆ: ಅಪಘಾತದಲ್ಲಿ ಸೊಂಟದ ಮೂಳೆ ಮುರಿದರೆ

ಪ್ರಶ್ನೆ: ಅಮ್ಮನಿಗೆ 62 ವರ್ಷ. ಮೂರು ತಿಂಗಳ ಹಿಂದೆ ಡೇರಿಗೆ ಹಾಲು ಹಾಕಲು ಹೋಗುವಾಗ ಬೈಕ್ ಗುದ್ದಿ ಸೊಂಟದ ಮೂಳೆ ಮುರಿಯಿತು. ರಾಡ್ ಹಾಕಿದ್ದಾರೆ, ವಾಕರ್ ಹಿಡಿದು ನಡೆಯುತ್ತಾರೆ. ಸವಾರ ಒಂದಿಷ್ಟು ದುಡ್ಡು ಕೊಟ್ಟು ರಾಜಿಯಾಗೋಣ ಅನ್ನುತ್ತಿದ್ದಾನೆ. ವಯಸ್ಸಾದವರ ಮೂಳೆ ಮೊದಲೇ ಸವೆದಿರುತ್ತದೆ, ಮನೆಯಲ್ಲಿರುವವರಿಗೆ ಆದಾಯ ಎಲ್ಲಿಂದ ಎಂದು ವಿಮಾ ಕಂಪನಿ ಕೇಳುತ್ತದಂತೆ. ಕೇಸ್ ನಿಲ್ಲುತ್ತದೆಯೇ?
— ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ನಿಲ್ಲುತ್ತದೆ. ರಾಜಿ ಪತ್ರಕ್ಕೆ ಮಾತ್ರ ಸಹಿ ಹಾಕಬೇಡಿ. ಎಫ್‌ಐಆರ್ ಆಗಿಲ್ಲದಿದ್ದರೆ ಇವತ್ತೇ ದೂರು ಕೊಟ್ಟು, ತಡವಾದ ಕಾರಣವನ್ನು ಅದರಲ್ಲೇ ಬರೆಸಿ. ಚಿಕಿತ್ಸೆಗೆ ಓಡಾಡುತ್ತಿದ್ದುದು ಒಪ್ಪತಕ್ಕ ಕಾರಣವೇ. ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಅಪಘಾತದ ದಿನದಿಂದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಅದನ್ನು ನಂಬಿ ಕೂರಬೇಡಿ. ಅಪಘಾತವಾದ ಜಾಗ, ನಿಮ್ಮ ವಾಸಸ್ಥಳ, ಎದುರುದಾರರ ವಾಸಸ್ಥಳ, ಈ ಮೂರರಲ್ಲಿ ಯಾವುದರ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಾದರೂ ಎಂವಿಸಿ (ಮೋಟಾರು ಅಪಘಾತ ಪರಿಹಾರದ) ಕೇಸ್ ಹಾಕಬಹುದು.

ಇಂಥ ಕೇಸ್ ಬಿದ್ದುಹೋಗುವುದು ಹೆಚ್ಚಾಗಿ ಆಸ್ಪತ್ರೆಯ ಕೇಸ್ ಶೀಟಿನ ಮೊದಲ ಪುಟದಲ್ಲಿ. ಗಾಬರಿಯಲ್ಲಿದ್ದ ಮನೆಯವರು, ಪೊಲೀಸ್ ರಗಳೆ ಬೇಡವೆಂದೋ ಏನೋ, ‘ಕಾಲು ಜಾರಿ ಬಿದ್ದರು’ ಎಂದಿರುತ್ತಾರೆ. ಡ್ಯೂಟಿ ಡಾಕ್ಟರ್ ಅದನ್ನೇ ಬರೆದಿರುತ್ತಾರೆ. ವಿಮಾ ಕಂಪನಿ ಆ ಪುಟವನ್ನೇ ಕೋರ್ಟಿಗೆ ತರಿಸುತ್ತದೆ. ಹಾಗಾಗಿ ಮೊದಲು ಕೇಸ್ ಶೀಟಿನ ನಕಲು ತೆಗೆದುಕೊಂಡು ಓದಿ. ‘ಬೈಕ್ ಡಿಕ್ಕಿ’ ಎಂದಿದ್ದು, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ನಂಬರ್ ಬಿದ್ದಿದ್ದರೆ ಅರ್ಧ ಭಾರ ಇಳಿದಂತೆ. ಇಲ್ಲದಿದ್ದರೆ ಕಣ್ಣಾರೆ ಕಂಡವರ ಹೇಳಿಕೆ, ಸ್ಥಳ ಮಹಜರು, ಬೈಕಿನ ಜಖಂ ತೋರಿಸುವ ಐಎಂವಿ (ಮೋಟಾರು ವಾಹನ ನಿರೀಕ್ಷಕರ) ವರದಿ, ಚಾರ್ಜ್‌ಶೀಟ್ ಇವುಗಳ ಮೇಲೆ ನಿಲ್ಲಬೇಕಾಗುತ್ತದೆ. ಹಳೆಯ ದಾಖಲೆಯನ್ನು ತಿದ್ದಿಸಲು ಹೋದರೆ ಇಡೀ ಕೇಸಿಗೇ ಅನುಮಾನ ಅಂಟುತ್ತದೆ.

ಮೂಳೆ ಸವೆದಿತ್ತೆಂಬ ವಾದಕ್ಕೆ ಹೆದರಬೇಕಿಲ್ಲ. ಗುದ್ದಿದವನು ಗಾಯಾಳುವನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಳ್ಳಬೇಕು. ಬೈಕ್ ತಗುಲದಿದ್ದರೆ ಆ ಮೂಳೆ ಅವತ್ತು ಮುರಿಯುತ್ತಿರಲಿಲ್ಲ. ಗೃಹಿಣಿಯ ದುಡಿಮೆಗೂ ಆದಾಯ ಲೆಕ್ಕ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮಮ್ಮ ಹಸು ಸಾಕುತ್ತಿದ್ದರೆ ಡೇರಿಯ ಪಾಸ್ ಪುಸ್ತಕವೇ ಆದಾಯದ ಸಾಕ್ಷಿ, ಅದನ್ನು ಬಿಡಬೇಡಿ.

ಮೊತ್ತವನ್ನು ಏರಿಸುವುದೂ ಇಳಿಸುವುದೂ ಅಂಗವೈಕಲ್ಯದ ಶೇಕಡಾವಾರು. ಡಾಕ್ಟರ್ ಕಾಲಿಗೆ ಶೇ. 45 ಎಂದರೆ, ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು, ಅಂದರೆ ಶೇ. 15ನ್ನು ಇಡೀ ದೇಹದ ವೈಕಲ್ಯವೆಂದು ಹಿಡಿಯುತ್ತವೆ. ತಿಂಗಳ ಆದಾಯ 12,000 ರೂ. ಎಂದಿಟ್ಟುಕೊಳ್ಳಿ. ವಯಸ್ಸಿಗೆ ತಕ್ಕಂತೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆಯೇ ಗುಣಕ, 61ರಿಂದ 65 ವಯಸ್ಸಿಗೆ ಅದು 7. ವರ್ಷಕ್ಕೆ 1,44,000, ಏಳರಿಂದ ಗುಣಿಸಿದರೆ 10,08,000, ಅದರಲ್ಲಿ ಶೇ. 15 ಎಂದರೆ 1,51,200 ರೂ. ಆದರೆ ಮುಖ್ಯವಾದದ್ದು ಆ ವ್ಯಕ್ತಿಯ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಎಂಬುದು ಎಂದು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪು ಹೇಳುತ್ತದೆ. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲಾಗದು, ಹುಲ್ಲಿನ ಹೊರೆ ಎತ್ತಲಾಗದು, ಕಾಲು ಇಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ ಎಂದು ಡಾಕ್ಟರ್ ಸಾಕ್ಷಿಕಟ್ಟೆಯಲ್ಲಿ ಹೇಳಿ, ನ್ಯಾಯಾಧೀಶರು ಶೇ. 30 ಒಪ್ಪಿದರೆ ಅದೇ ಲೆಕ್ಕ 3,02,400 ರೂ. ಆಗುತ್ತದೆ. ಬರೀ ಸರ್ಟಿಫಿಕೇಟ್ ಸಲ್ಲಿಸಿದರೆ ಸಾಲದು. ಆಪರೇಷನ್ ಮಾಡಿದ ಡಾಕ್ಟರೇ ಬಂದು ಹೇಳಿದರೆ ಮಾತಿಗೆ ತೂಕ ಹೆಚ್ಚು.

ಅರ್ಜಿ ಈಗ ಹಾಕಿ, ವೈಕಲ್ಯದ ಅಳತೆಯನ್ನು ಮೂಳೆ ಕೂಡಿದ ಮೇಲೆ ಮಾಡಿಸಿ. ತೊಡೆಮೂಳೆಯ ಕುತ್ತಿಗೆ ಮುರಿದಿದ್ದರೆ ರಕ್ತ ಸಂಚಾರ ನಿಂತು, ವರ್ಷ ಎರಡು ವರ್ಷ ಕಳೆದು ತಲೆಭಾಗ ಕುಸಿಯುವುದುಂಟು. ಆಗ ಕೀಲನ್ನೇ ಬದಲಿಸಬೇಕಾಗುತ್ತದೆ. ಒಮ್ಮೆ ತೀರ್ಪಾದ ಮೇಲೆ ಮತ್ತೆ ಕೇಳುವುದು ಕಷ್ಟ. ಆ ಸಾಧ್ಯತೆ ಇದ್ದರೆ ‘ಮುಂದಿನ ಚಿಕಿತ್ಸಾ ವೆಚ್ಚ’ವನ್ನು ಡಾಕ್ಟರರ ಅಂದಾಜಿನೊಂದಿಗೆ ಈಗಲೇ ಕೇಳಿ. ಆಸ್ಪತ್ರೆ ಬಿಲ್, ನೋವು ಸಂಕಟ, ನೋಡಿಕೊಂಡವರ ಸಂಬಳ, ಆಟೋ ಬಾಡಿಗೆ ಇವೆಲ್ಲ ಬೇರೆ. ರಾಡಿನ ಸ್ಟಿಕ್ಕರ್, ವಾಕರ್ ರಸೀದಿ, ಫಿಸಿಯೋಥೆರಪಿ ಚೀಟಿ ಯಾವುದನ್ನೂ ಎಸೆಯಬೇಡಿ.

ಪ್ರಶ್ನೆ: ಗುದ್ದಿದ ವಾಹನ ಸಿಗಲೇ ಇಲ್ಲ. ಏನೂ ಬರುವುದಿಲ್ಲವೇ?
— ಹಾವೇರಿಯ ಓದುಗರು

ಉತ್ತರ: ತೀವ್ರ ಗಾಯಕ್ಕೆ 50,000 ರೂ. ಸರ್ಕಾರಿ ಯೋಜನೆಯಡಿ ಬರುತ್ತದೆ. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಗಾಯವೇ. ಅಪಘಾತವಾದ ತಾಲ್ಲೂಕಿನ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಎಫ್‌ಐಆರ್ ಮತ್ತು ಗಾಯದ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಡಿ. ಮುಂದೆ ವಾಹನ ಪತ್ತೆಯಾಗಿ ಪೂರ್ಣ ಪರಿಹಾರ ಸಿಕ್ಕರೆ ಈ ಹಣ ಅದರಲ್ಲಿ ಕಳೆಯುತ್ತದೆ.

ಪ್ರಶ್ನೆ: ಇಳಿಯುವಾಗಲೇ ಸರ್ಕಾರಿ ಬಸ್ ಹೊರಟು ಅತ್ತೆ ಬಿದ್ದರು. ಅವರೇ ಆತುರಪಟ್ಟರು ಎಂದು ಕಂಡಕ್ಟರ್ ಹೇಳುತ್ತಾರೆ.
— ಶಿವಮೊಗ್ಗದ ಓದುಗರು

ಉತ್ತರ: ಇದೂ ಮೋಟಾರು ಅಪಘಾತವೇ. ಸಾರಿಗೆ ಸಂಸ್ಥೆಯನ್ನೇ ಪ್ರತಿವಾದಿ ಮಾಡಿ. ಬಸ್ ನಿಲ್ಲುವ ಮುಂಚೆಯೇ ಇಳಿದರೆಂದು ಸಾಬೀತಾದರೆ ಅವರ ತಪ್ಪಿನ ಪಾಲಿನಷ್ಟು ಮೊತ್ತ ಕಡಿತವಾಗುತ್ತದೆ. ಟಿಕೆಟ್ ಜೋಪಾನ, ಅದರ ಅಕ್ಷರ ಬೇಗ ಮಾಸುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ.