ಹೆಚ್ಚು ಜನರಿಗೆ ಒಳ್ಳೆಯದಾದರೆ ಸಾಕಲ್ವಾ?

ನಿಮ್ಮ ಪ್ರಶ್ನೆ ಇದು: ಹೆಚ್ಚು ಜನರಿಗೆ ಹೆಚ್ಚು ಸುಖ ಕೊಡುವ ಕೆಲಸವೇ ಸರಿ ಎಂದು ಉಪಯುಕ್ತತಾವಾದ ಹೇಳುತ್ತದೆ, ಕೇಳಲು ನ್ಯಾಯವಾಗಿಯೇ ಇದೆ, ಮತ್ತೆ ಯಾಕೆ ಇಷ್ಟು ಜನ ಅದನ್ನು ಬೈಯುತ್ತಾರೆ?

ನಾನು ಮೇಷ್ಟ್ರಲ್ಲ. ಬಿ.ಎ.ಯಲ್ಲಿ ತತ್ವಶಾಸ್ತ್ರ ಓದಿ, ಈಗ ಕೊಡಗಿನ ಸಿದ್ದಾಪುರದ ಕಡೆ ಆರು ಎಕರೆ ರೋಬಸ್ಟಾ ಕಾಫಿ ನೋಡಿಕೊಂಡಿದ್ದೇನೆ. ಹಾಗಾಗಿ ತೋಟದ ಕಥೆಯಿಂದಲೇ ಶುರು ಮಾಡುತ್ತೇನೆ.

ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬಾರದಿದ್ದರೆ ರೋಬಸ್ಟಾ ಮೊಗ್ಗು ಒಣಗಿಹೋಗುತ್ತದೆ. ಆಗ ಎಲ್ಲರೂ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಪಂಪು ಇಟ್ಟು ಸ್ಪ್ರಿಂಕ್ಲರ್ ಬಿಡುತ್ತೇವೆ. ನಮ್ಮ ತೋಡಿನ ಉದ್ದಕ್ಕೂ ಒಂಬತ್ತು ತೋಟ. ಎಲ್ಲಕ್ಕಿಂತ ಕೆಳಗೆ ನಾಲ್ಕು ಲೈನ್ ಮನೆ, ತೋಟದ ಕೂಲಿಯವರು ಇರುವ ಸಾಲು ಮನೆಗಳು. ಅವರು ಕುಡಿಯುವುದು ತೋಡಿನ ಪಕ್ಕದ ಗುಂಡಿಯ ನೀರು. ಒಂದು ವರ್ಷ ಒಂಬತ್ತೂ ಪಂಪು ಒಂದೇ ವಾರ ಓಡಿದವು. ಗುಂಡಿ ಒಣಗಿತು.

ಮಾತುಕತೆಗೆ ಕೂತಾಗ ಒಬ್ಬರು ಲೆಕ್ಕ ಹಾಕಿದರು. ಈ ಕಡೆ ಒಂಬತ್ತು ಮನೆಯ ಇಡೀ ವರ್ಷದ ಫಸಲು, ಜೊತೆಗೆ ಕುಯ್ಲಿಗೆ ಬರುವವರ ಕೂಲಿ. ಆ ಕಡೆ ನಾಲ್ಕು ಮನೆ, ಹತ್ತು ದಿನ, ಅರ್ಧ ಕಿಲೋಮೀಟರ್ ದೂರದಿಂದ ನೀರು. ನಾನೂ ತಲೆ ಆಡಿಸಿದೆ. ಆಗ ಲೈನ್ ಮನೆಯ ಅಜ್ಜಿ ಕೇಳಿದರು: "ಸಾವ್ಕಾರ್ರೇ, ಬೆಳಿಗ್ಗೆ ಐದಕ್ಕೆ ಆ ದಾರೀಲಿ ಆನೆ ಇರುತ್ತೆ. ಅದನ್ನ ಯಾವ ಲೆಕ್ಕಕ್ಕೆ ಹಾಕಿದ್ರಿ?"

ಉಪಯುಕ್ತತಾವಾದಕ್ಕೆ ರೂಪ ಕೊಟ್ಟ ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್ ಅಲ್ಲಿದ್ದರೆ ಅಜ್ಜಿಯ ಪರವೇ ನಿಲ್ಲುತ್ತಿದ್ದ ಅನಿಸುತ್ತದೆ. 1789ರ ತನ್ನ ಪುಸ್ತಕದಲ್ಲಿ ಅವನು ಸುಖ ದುಃಖ ಅಳೆಯುವ ಕ್ರಮ ಹೇಳಿದ್ದಾನೆ. ಎಷ್ಟು ತೀವ್ರ, ಎಷ್ಟು ಹೊತ್ತು, ಎಷ್ಟು ಖಚಿತ, ಎಷ್ಟು ಜನಕ್ಕೆ, ಹೀಗೆ. ಅದರಲ್ಲಿ ಆನೆಯ ಭಯಕ್ಕೂ ಜಾಗ ಇದೆ. ಸಾವ್ಕಾರನ ಸುಖಕ್ಕೆ ಎಷ್ಟು ತೂಕವೋ ಕೂಲಿಯವನ ಸುಖಕ್ಕೂ ಅಷ್ಟೇ ತೂಕ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅಷ್ಟೇ ಅಲ್ಲ, ಪ್ರಾಣಿಗಳ ವಿಷಯದಲ್ಲಿ ಅವು ಯೋಚಿಸುತ್ತವೆಯಾ, ಮಾತಾಡುತ್ತವೆಯಾ ಎಂದು ಕೇಳಬೇಡಿ, ನೋವು ತಿನ್ನುತ್ತವೆಯಾ ಎಂದು ಕೇಳಿ ಎಂದವನೂ ಅವನೇ. ಅಂದರೆ ಆ ಆನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು! ನಮ್ಮೂರಲ್ಲಿ ಇದನ್ನು ಜೋರಾಗಿ ಹೇಳಲು ಧೈರ್ಯ ಬೇಕು.

ಸರಿ, ಭಯವನ್ನೂ ಸೇರಿಸಿ ಲೆಕ್ಕ ಹಾಕಿದೆವು, ಆದರೂ ಪಂಪು ಓಡಿಸುವುದೇ ಲಾಭ ಎಂದು ಬಂತು ಅಂದುಕೊಳ್ಳಿ. ನನ್ನ ಮಟ್ಟಿಗೆ ನಿಜವಾದ ಆಕ್ಷೇಪ ಇಲ್ಲಿದೆ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಹೇಳಿದ್ದು ಇದನ್ನೇ: ಈ ವಾದ ಒಬ್ಬೊಬ್ಬ ಮನುಷ್ಯ ಬೇರೆ ಬೇರೆ ಎಂಬುದನ್ನೇ ಗಂಭೀರವಾಗಿ ತಗೊಳ್ಳುವುದಿಲ್ಲ. ನಾಳೆಯ ಫಸಲಿಗಾಗಿ ಇವತ್ತು ನಾನೇ ಬೆವರು ಸುರಿಸಿದರೆ ಅದು ನನ್ನ ವ್ಯವಹಾರ. ಆದರೆ ಕಾಫಿ ಒಣಗುವುದು ನನ್ನ ಕಣದಲ್ಲಿ, ಕೊಡ ಇರುವುದು ಅಜ್ಜಿಯ ಸೊಂಟದ ಮೇಲೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಕೂಡಿ ಕಳೆದರೆ ಮೊತ್ತ ಸರಿ ಬರುತ್ತದೆ, ತೆತ್ತವರು ಯಾರು ಅನ್ನೋದು ಅಳಿಸಿಹೋಗುತ್ತದೆ.

ಇನ್ನು ಈ ವಾದದ ಬಗೆಗಳು. ಪ್ರತಿ ಕೆಲಸವನ್ನೂ ಬೇರೆ ಬೇರೆಯಾಗಿ ತೂಗುವುದು ಒಂದು. ಎಲ್ಲರೂ ಪಾಲಿಸಿದರೆ ಒಳ್ಳೆಯದಾಗುವ ನಿಯಮ ಯಾವುದು ಎಂದು ನೋಡಿ ಅದರಂತೆ ನಡೆಯುವುದು ಇನ್ನೊಂದು. ನನ್ನ ಒಂದು ಪಂಪಿನಿಂದ ಗುಂಡಿ ಒಣಗುವುದಿಲ್ಲ, ನಿಜ. ಒಂಬತ್ತು ಜನವೂ ಅದನ್ನೇ ಹೇಳಿದ್ದೆವು! ಕೊನೆಗೆ ಪಾಳಿ ಮಾಡಿಕೊಂಡೆವು: ದಿನಕ್ಕೆ ಎರಡೇ ಪಂಪು, ಗುಂಡಿ ತುಂಬಿದ ಮೇಲೆಯೇ ಶುರು. ಆದರೆ ಇದಕ್ಕೂ ಒಂದು ಕೊಕ್ಕೆ ಇದೆ. ಪಾಳಿ ಮುರಿದರೇ ಎಲ್ಲರಿಗೂ ಲಾಭ ಎನ್ನುವ ದಿನ ಬಂದರೆ? ಮುರಿದರೆ ಮೊದಲ ಬಗೆಗೇ ವಾಪಸ್ ಬಂದಂತೆ. ಮುರಿಯದಿದ್ದರೆ ಸುಖಕ್ಕಿಂತ ನಿಯಮ ದೊಡ್ಡದು ಎಂದಂತೆ.

ಬೆಂಥಮ್‌ನ ದಾರಿಯಲ್ಲೇ ಬಂದ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ 'ಯುಟಿಲಿಟೇರಿಯನಿಸಂ' ಬರೆಯುತ್ತಾ, ಸುಖದಲ್ಲೂ ಮೇಲು ಕೀಳು ಇದೆ ಎಂದ. ತೃಪ್ತಿಪಟ್ಟ ಮೂರ್ಖನಿಗಿಂತ ಅತೃಪ್ತ ಸಾಕ್ರಟೀಸನೇ ಮೇಲು ಅಂತ. ಮೇಲು ಯಾವುದೆಂದು ಹೇಳುವವರು ಯಾರು? ಎರಡರ ರುಚಿಯನ್ನೂ ನೋಡಿದವರು ಎಂದ. ನನಗೆ ಸ್ವಲ್ಪ ಅನುಮಾನ: ಇನ್ನೊಬ್ಬರಿಗೆ ಯಾವುದು ಒಳ್ಳೆಯದೆಂದು ಮೇಲೆ ಕೂತವರೇ ತೀರ್ಮಾನಿಸಿಬಿಟ್ಟರೆ? ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯ ನೌಕರ. ಅದೇ ಕಂಪನಿ 1834ರಲ್ಲಿ ಕೊಡಗನ್ನು ತಗೊಂಡಿತು, ಜನರ ಇಚ್ಛೆಯಂತೆ ಎಂದು ಘೋಷಿಸಿಕೊಂಡು. ಮಿಲ್ ತಲೆಗೆ ಇದನ್ನು ಕಟ್ಟುತ್ತಿಲ್ಲ. ಸುಮ್ನೆ ನೆನಪಾಯಿತು.

ಸುಖದ ಬದಲು ಜನರ ಆಸೆಗಳನ್ನು ಎಣಿಸೋಣ ಎನ್ನುವವರೂ ಇದ್ದಾರೆ. ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ ಬಹಳ ಕಾಲ ಆ ಕಡೆ ಇದ್ದರು. ದೂರದ ಹಸಿವಿಗೂ ನಾವು ಕೊಡಬೇಕು ಎಂಬ ಅವರ 1972ರ ಲೇಖನ ಓದಿದರೆ, ಇದು ಮನುಷ್ಯನಿಂದ ತೀರಾ ಜಾಸ್ತಿ ಕೇಳುತ್ತದೆ ಎಂಬ ಆಕ್ಷೇಪ ಯಾಕೆ ಹುಟ್ಟಿತು ಎಂದು ತಿಳಿಯುತ್ತದೆ. ಆಸೆ ಎಣಿಸುವುದರಲ್ಲಿ ಇನ್ನೊಂದು ತೊಂದರೆಯನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿದ್ದಾರೆ: ಕಷ್ಟಕ್ಕೆ ಒಗ್ಗಿದವರು ಕಡಿಮೆಯನ್ನೇ ಬಯಸುತ್ತಾರೆ. ಲೈನ್ ಮನೆಯ ಉಳಿದವರನ್ನು ಅವತ್ತು ಕೇಳಿದಾಗ "ಪರವಾಗಿಲ್ಲ ಸಾರ್, ಅಭ್ಯಾಸ ಇದೆ" ಅಂದಿದ್ದರು. ಅದನ್ನೇ ಬರೆದುಕೊಂಡಿದ್ದರೆ ನಮ್ಮ ಲೆಕ್ಕ ಸಲೀಸಾಗಿ ಮುಗಿಯುತ್ತಿತ್ತು.

ಓದುವುದಾದರೆ ಮಿಲ್‌ನಿಂದ ಶುರು ಮಾಡಿ, ಪುಸ್ತಕ ಚಿಕ್ಕದು. ಬೆಂಥಮ್ ಆಮೇಲೆ ಇರಲಿ. ಅವನ ವಾಕ್ಯಗಳನ್ನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿದರೂ ಸಿಪ್ಪೆ ಬಿಡುವುದಿಲ್ಲ.